ಪ್ರೌಢಶಾಲೆ ಮಕ್ಕಳಿಗೆ ಜೈವಿಕ ತಂತ್ರಜ್ಞಾನ: ಕೈಯಾರೆ ಮಾಡಿ ನೋಡುವ ಆರು ಪ್ರಯೋಗಗಳು

ಜೈವಿಕ ತಂತ್ರಜ್ಞಾನ ಎಂದ ಕೂಡಲೇ ದೊಡ್ಡ ಊರು, ದೊಡ್ಡ ಪ್ರಯೋಗಾಲಯ, ಬಿಳಿ ಕೋಟು, ಲಕ್ಷಗಟ್ಟಲೆ ಬೆಲೆಯ ಯಂತ್ರಗಳು ಕಣ್ಣಿಗೆ ಕಟ್ಟುತ್ತವೆ. ಇದು ನಮ್ಮ ಊರಿನ ಶಾಲೆಯ ವಿಷಯವಲ್ಲ ಎಂದು ಅನೇಕ ತಂದೆತಾಯಿ, ಕೆಲವೊಮ್ಮೆ ಶಿಕ್ಷಕರೂ ಬಿಟ್ಟುಬಿಡುತ್ತಾರೆ. ಆದರೆ ಹಾಲಿಗೆ ಹೆಪ್ಪು ಹಾಕುವುದು, ಇಡ್ಲಿ ಹಿಟ್ಟು ಉಬ್ಬಿಸುವುದು, ರಾಗಿಯನ್ನು ಮೊಳಕೆ ಕಟ್ಟುವುದು ಸಹ ಜೈವಿಕ ತಂತ್ರಜ್ಞಾನವೇ. ಜೀವಿಗಳನ್ನು, ಅಥವಾ ಜೀವಿಗಳಲ್ಲಿರುವ ವಸ್ತುಗಳನ್ನು ಬಳಸಿ ಮನುಷ್ಯನಿಗೆ ಬೇಕಾದದ್ದನ್ನು ತಯಾರಿಸುವ ವಿದ್ಯೆಗೆ ಈ ಹೆಸರು. ಈ ಹೆಸರನ್ನು 1919ರಲ್ಲಿ ಬಳಕೆಗೆ ತಂದವರು ಹಂಗೇರಿ ದೇಶದ ಇಂಜಿನಿಯರ್ ಕಾರೋಲಿ ಎರೆಕಿ. ಭಾರತ ಸರ್ಕಾರ ಇದಕ್ಕಾಗಿಯೇ ಪ್ರತ್ಯೇಕ ಇಲಾಖೆಯನ್ನು 1986ರಲ್ಲಿ ತೆರೆಯಿತು.

ಗಡಿಭಾಗದ ಕನ್ನಡ ಶಾಲೆಯ ಮಕ್ಕಳಿಗೆ ಕೈಯಾರೆ ಪ್ರಯೋಗ ಮಾಡುವುದು ಬೇರೆಯವರಿಗಿಂತ ಹೆಚ್ಚು ಅಗತ್ಯ. ಕಾಸರಗೋಡಿನಲ್ಲಾಗಲಿ, ತಾಳವಾಡಿ, ಅಕ್ಕಲಕೋಟೆ, ರಾಯದುರ್ಗಗಳಲ್ಲಾಗಲಿ ಹತ್ತನೇ ತರಗತಿಯ ತನಕ ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಹನ್ನೊಂದನೆಯ ತರಗತಿಗೆ ಹೋದಾಗ ಹೆಚ್ಚಿನ ಕಡೆ ಪಾಠ ಇಂಗ್ಲಿಷಿನಲ್ಲಿರುತ್ತದೆ. ಶಿಕ್ಷಕರ ವಿವರಣೆ ಆಯಾ ರಾಜ್ಯದ ಭಾಷೆಯಲ್ಲಿರುತ್ತದೆ. ಬಾಯಿಪಾಠ ಮಾಡಿದ ಕನ್ನಡ ಶಬ್ದಗಳು ಆಗ ಕೈಕೊಡುತ್ತವೆ. ತಾನೇ ಮಾಡಿ, ಕಣ್ಣಾರೆ ಕಂಡದ್ದು ಮಾತ್ರ ಯಾವ ಭಾಷೆಗೆ ಹೋದರೂ ಉಳಿಯುತ್ತದೆ. ಅದಕ್ಕಾಗಿ ಮನೆಯಲ್ಲಿ, ಸಂತೆಯಲ್ಲಿ, ಔಷಧಿ ಅಂಗಡಿಯಲ್ಲಿ ಸಿಗುವ ಸಾಮಾನುಗಳಿಂದಲೇ ಮಾಡಬಹುದಾದ ಆರು ಪ್ರಯೋಗಗಳನ್ನು ಇಲ್ಲಿ ಕೊಡಲಾಗಿದೆ. ಎಂಟರಿಂದ ಹತ್ತನೇ ತರಗತಿಯ ಮಕ್ಕಳು ಇವುಗಳನ್ನು ಶಿಕ್ಷಕರ ಅಥವಾ ಮನೆಯ ಹಿರಿಯರ ಎದುರಿನಲ್ಲಿ ಮಾಡಬೇಕು.

ಮೊದಲು ತಿಳಿಯಬೇಕಾದದ್ದು: ಹೋಲಿಕೆಯ ಲೋಟ

ಹಾಲಿಗೆ ಹೆಪ್ಪು ಹಾಕಿದೆ, ಮೊಸರಾಯಿತು ಎಂದರೆ ಅದು ಅಡುಗೆ. ಹೆಪ್ಪಿನಿಂದಲೇ ಮೊಸರಾಯಿತು ಎಂದು ತೋರಿಸಿದರೆ ಅದು ಪ್ರಯೋಗ. ಹಾಗೆ ತೋರಿಸಲು ಹೆಪ್ಪು ಹಾಕದ ಇನ್ನೊಂದು ಲೋಟ ಹಾಲು ಪಕ್ಕದಲ್ಲಿರಬೇಕು. ಅದೇ ಹಾಲು, ಅಷ್ಟೇ ಅಳತೆ, ಅದೇ ಜಾಗ, ಅಷ್ಟೇ ಹೊತ್ತು ಇರಬೇಕು. ವ್ಯತ್ಯಾಸ ಹೆಪ್ಪು ಒಂದೇ. ಇದನ್ನು ಹೋಲಿಕೆಯ ಲೋಟ ಎನ್ನೋಣ. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಬೇಕು. ಎರಡನ್ನು ಬದಲಿಸಿದರೆ ಫಲಿತಾಂಶ ಯಾವುದರಿಂದ ಬಂತು ಎಂದು ಹೇಳಲಾಗದು. ಮುಂದಿನ ಆರು ಪ್ರಯೋಗಗಳಲ್ಲಿಯೂ ಈ ಲೋಟ ಇದೆ. ಅದನ್ನು ಬಿಟ್ಟು ಪ್ರಯೋಗ ಮಾಡಬೇಡಿ.

ಸಂಗ್ರಹಿಸಿಡಬೇಕಾದ ಸಾಮಾನುಗಳು: ಒಂದೇ ಅಳತೆಯ ಗಾಜಿನ ಲೋಟಗಳು, ಖಾಲಿ ನೀರಿನ ಬಾಟಲಿಗಳು, ಬಲೂನು, ಸೂಜಿ ಇಲ್ಲದ ಹೊಸ ಸಿರಿಂಜು (ಅಳತೆಗೆ), ಶಾಲೆಯ ಥರ್ಮಾಮೀಟರು, ಚಮಚ, ತೆಳು ಬಟ್ಟೆ, ಗಡಿಯಾರ, ಅಂಟಿಸುವ ಚೀಟಿ ಮತ್ತು ಒಂದು ನೋಟುಬುಕ್ಕು. ಜ್ವರ ನೋಡುವ ಥರ್ಮಾಮೀಟರನ್ನು ಬಿಸಿ ಹಾಲಿಗೆ ಹಾಕಬಾರದು, ಒಡೆಯುತ್ತದೆ.

ಪ್ರಯೋಗ 1: ಮೊಸರಿನಲ್ಲಿ ಜೀವ ಇದೆಯೆ?

ಬೇಕಾದವು: ಅರ್ಧ ಲೀಟರ್ ಹಾಲು, ಮೊಸರು, ಉಪ್ಪು, ಐದು ಲೋಟ.

ವಿಧಾನ: ಹಾಲನ್ನು ಚೆನ್ನಾಗಿ ಕಾಯಿಸಿ 40 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಉಗುರುಬೆಚ್ಚಗೆ ಆರಿಸಿ. ಪ್ರತಿ ಲೋಟಕ್ಕೆ 100 ಮಿ.ಲೀ.ಯಂತೆ ಹಾಕಿ ಚೀಟಿ ಅಂಟಿಸಿ.

1ನೇ ಲೋಟ: ಏನೂ ಹಾಕಬೇಡಿ. ಇದು ಹೋಲಿಕೆಯ ಲೋಟ.
2ನೇ ಲೋಟ: ಅರ್ಧ ಚಮಚ ಮೊಸರು.
3ನೇ ಲೋಟ: ಅರ್ಧ ಚಮಚ ಮೊಸರು ಹಾಕಿ ಫ್ರಿಜ್ಜಿನಲ್ಲಿಡಿ.
4ನೇ ಲೋಟ: ಅರ್ಧ ಚಮಚ ಮೊಸರನ್ನು ಸ್ವಲ್ಪ ನೀರಿನಲ್ಲಿ ಐದು ನಿಮಿಷ ಕುದಿಸಿ, ಆರಿಸಿ ಹಾಕಿ.
5ನೇ ಲೋಟ: ಅರ್ಧ ಚಮಚ ಮೊಸರಿನ ಜೊತೆ ಒಂದು ಚಮಚ ಉಪ್ಪು.

ಮೂರನೆಯದನ್ನು ಬಿಟ್ಟು ಉಳಿದವನ್ನು ಮುಚ್ಚಿ, ಒಂದೇ ಬೆಚ್ಚನೆಯ ಜಾಗದಲ್ಲಿಡಿ. ಎರಡು ಗಂಟೆಗೊಮ್ಮೆ ಲೋಟವನ್ನು ಮೆಲ್ಲಗೆ ಓರೆ ಮಾಡಿ ನೋಡಿ ಬರೆದುಕೊಳ್ಳಿ.

ಫಲಿತಾಂಶ: ಎರಡನೆಯ ಲೋಟ ಸಾಮಾನ್ಯವಾಗಿ ಐದರಿಂದ ಎಂಟು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಸೊಲ್ಲಾಪುರದ ಬೇಸಿಗೆಯಲ್ಲಿ ಬೇಗ, ನೀಲಗಿರಿಯ ಚಳಿಯಲ್ಲಿ ಬಹಳ ತಡ. ಕುದಿಸಿದ ಮೊಸರು ಹಾಕಿದ ಲೋಟ ಅಷ್ಟು ಹೊತ್ತಿಗೆ ಹೆಪ್ಪಾಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟದ್ದೂ ಹಾಲಾಗಿಯೇ ಇರುತ್ತದೆ, ಆದರೆ ಅದನ್ನು ಹೊರಗೆ ತೆಗೆದಿಟ್ಟರೆ ಹೆಪ್ಪಾಗುತ್ತದೆ. ಇದರಿಂದ ಬಿಸಿ ಕೊಲ್ಲುತ್ತದೆ, ತಂಪು ಬರೀ ತಡೆಯುತ್ತದೆ ಎಂದು ತಿಳಿಯುತ್ತದೆ. ಉಪ್ಪಿನ ಲೋಟ ಏನಾಯಿತೆಂದು ನೀವೇ ನೋಡಿ. ಉಪ್ಪಿನಕಾಯಿ ಯಾಕೆ ಕೆಡುವುದಿಲ್ಲ ಎಂಬ ಪ್ರಶ್ನೆಗೆ ಅಲ್ಲಿಂದಲೇ ಉತ್ತರ ಶುರುವಾಗುತ್ತದೆ.

ವಿವರಣೆ: ಮೊಸರಿನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಮೊದಲಾದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹಾಲಿನ ಪಿ.ಎಚ್. ಸುಮಾರು 6.6 ಇದ್ದದ್ದು 4.6ರ ಹತ್ತಿರಕ್ಕೆ ಇಳಿದಾಗ ಕೇಸಿನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟುತ್ತದೆ. ಹುಳಿಯನ್ನು ಬಣ್ಣದಲ್ಲಿ ನೋಡಬೇಕಾದರೆ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಣ್ಣ ತೆಗೆಯಿರಿ. ಮೊಸರಿನ ಮೇಲೆ ನಿಂತ ತಿಳಿನೀರನ್ನು ಅದಕ್ಕೆ ಹಾಕಿದರೆ ಬಣ್ಣ ಕೆಂಪಿನತ್ತ ತಿರುಗುತ್ತದೆ. ಸುಣ್ಣದ ತಿಳಿ ಹಾಕಿದರೆ ಹಸಿರಾಗುತ್ತದೆ.

ಇದೇ ವಿದ್ಯೆಯ ಮುಂದಿನ ಹೆಜ್ಜೆ: ಚೀಸ್ ತಯಾರಿಸಲು ಹಿಂದೆ ಎಳೆಗರುವಿನ ಹೊಟ್ಟೆಯಿಂದ ತೆಗೆದ ಕೈಮೋಸಿನ್ ಎಂಬ ಕಿಣ್ವವನ್ನು ಬಳಸುತ್ತಿದ್ದರು. ಆ ಕಿಣ್ವದ ವಂಶವಾಹಿಯನ್ನು ಸೂಕ್ಷ್ಮಜೀವಿಗೆ ಸೇರಿಸಿ ತಯಾರಿಸಿದ ಕೈಮೋಸಿನ್‌ಗೆ ಅಮೆರಿಕದಲ್ಲಿ 1990ರಲ್ಲಿ ಅನುಮತಿ ಸಿಕ್ಕಿತು.

ಪ್ರಯೋಗ 2: ಯೀಸ್ಟ್ ಊದುವ ಬಲೂನು

ಬೇಕಾದವು: ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಣ ಯೀಸ್ಟ್, ಸಕ್ಕರೆ, ಬೆಲ್ಲ, ನಾಲ್ಕು ಸಣ್ಣ ಬಾಟಲಿ, ನಾಲ್ಕು ಬಲೂನು.

ವಿಧಾನ: ನಾಲ್ಕೂ ಬಾಟಲಿಗಳಿಗೆ 100 ಮಿ.ಲೀ. ಉಗುರುಬೆಚ್ಚಗಿನ ನೀರು ಹಾಕಿ. ಮೊದಲನೆಯದಕ್ಕೆ ಯೀಸ್ಟ್ ಮಾತ್ರ. ಎರಡನೆಯದಕ್ಕೆ ಯೀಸ್ಟ್ ಮತ್ತು ಎರಡು ಚಮಚ ಸಕ್ಕರೆ. ಮೂರನೆಯದಕ್ಕೆ ಯೀಸ್ಟ್ ಮತ್ತು ಎರಡು ಚಮಚ ಬೆಲ್ಲದ ಪುಡಿ. ನಾಲ್ಕನೆಯದಕ್ಕೆ ಕುದಿಸಿ ಆರಿಸಿದ ಯೀಸ್ಟ್ ಮತ್ತು ಎರಡು ಚಮಚ ಸಕ್ಕರೆ. ಎಲ್ಲಕ್ಕೂ ಯೀಸ್ಟ್ ಒಂದೊಂದೇ ಚಮಚ. ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ. ಹತ್ತು ನಿಮಿಷಕ್ಕೊಮ್ಮೆ ದಾರದಿಂದ ಬಲೂನಿನ ಸುತ್ತಳತೆ ತೆಗೆದು ಬರೆಯಿರಿ. ಒಂದು ಗಂಟೆಯ ನಂತರ ಲೆಕ್ಕವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ.

ಫಲಿತಾಂಶ: ಸಕ್ಕರೆ ಮತ್ತು ಬೆಲ್ಲದ ಬಾಟಲಿಗಳ ಬಲೂನು ಎದ್ದು ನಿಲ್ಲುತ್ತದೆ. ಉಳಿದೆರಡು ಜೋತುಬಿದ್ದೇ ಇರುತ್ತವೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಬಲೂನಿನೊಳಗಿನದು ಆ ಅನಿಲವೇ ಎಂದು ತಿಳಿಯಲು ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಬಲೂನಿನ ಬಾಯಿಗೆ ಸಣ್ಣ ನಳಿಗೆ ಕಟ್ಟಿ ಅನಿಲವನ್ನು ಆ ತಿಳಿನೀರಿಗೆ ಬಿಟ್ಟರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಸುಣ್ಣ ಕಣ್ಣಿಗೆ ಬೀಳದಂತೆ ಎಚ್ಚರ ಬೇಕು. ಬಾಟಲಿಯನ್ನು ಎಂದೂ ಬಿಗಿಯಾದ ಮುಚ್ಚಳದಿಂದ ಮುಚ್ಚಬಾರದು, ಒತ್ತಡದಿಂದ ಸಿಡಿಯಬಹುದು.

ಇಡ್ಲಿ ಹಿಟ್ಟನ್ನೂ ಹೀಗೆಯೇ ನೋಡಬಹುದು. ಉದ್ದನೆಯ ಲೋಟಕ್ಕೆ ಹಿಟ್ಟು ಹಾಕಿ, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಬೆಳಿಗ್ಗೆ ಅಳೆಯಿರಿ. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಮುಖ್ಯ ಪಾತ್ರ ಯೀಸ್ಟಿನದಲ್ಲ, ಲ್ಯುಕೋನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು. ಇದು ಉದ್ದಿನಬೇಳೆಯ ಜೊತೆಯಲ್ಲಿಯೇ ಬರುತ್ತದೆ.

ಯೀಸ್ಟಿನಿಂದ ಬ್ರೆಡ್ಡು ಮಾತ್ರವಲ್ಲ, ಲಸಿಕೆಯೂ ಬರುತ್ತದೆ. ಹೆಪಟೈಟಿಸ್ ಬಿ ಎಂಬ ಕಾಮಾಲೆಯ ಲಸಿಕೆಯನ್ನು ವಂಶವಾಹಿ ಸೇರಿಸಿದ ಯೀಸ್ಟಿನಲ್ಲಿ ತಯಾರಿಸುವ ಕ್ರಮಕ್ಕೆ ಅಮೆರಿಕದಲ್ಲಿ 1986ರಲ್ಲಿ ಅನುಮತಿ ಸಿಕ್ಕಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ ಇದೇ ಬಗೆಯ ಲಸಿಕೆಯನ್ನು ನಮ್ಮ ದೇಶದಲ್ಲೇ ತಯಾರಿಸಿ 1997ರಲ್ಲಿ ಮಾರುಕಟ್ಟೆಗೆ ತಂದಿತು.

ಪ್ರಯೋಗ 3: ಮೊಳಕೆ ರಾಗಿ ಗಂಜಿಯನ್ನು ನೀರಾಗಿಸುವುದು ಹೇಗೆ?

ಹೊಸೂರು, ತಾಳವಾಡಿ, ಮಡಕಶಿರಾ ಕಡೆಯ ಮಕ್ಕಳಿಗೆ ಹೇಳಿ ಮಾಡಿಸಿದ ಪ್ರಯೋಗ ಇದು.

ತಯಾರಿ: ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಪುಡಿ ಮಾಡಿ. ಹುರಿಯಬಾರದು. ಹುರಿದರೆ ಕಿಣ್ವ ಸಾಯುತ್ತದೆ, ಪ್ರಯೋಗ ನಡೆಯುವುದಿಲ್ಲ.

ವಿಧಾನ: ನಾಲ್ಕು ದೊಡ್ಡ ಚಮಚ ಸಾಧಾರಣ ರಾಗಿ ಹಿಟ್ಟನ್ನು 300 ಮಿ.ಲೀ. ನೀರಿನಲ್ಲಿ ಗಟ್ಟಿ ಗಂಜಿಯಾಗುವಂತೆ ಬೇಯಿಸಿ, ಮೂರು ಲೋಟಗಳಿಗೆ ಸಮನಾಗಿ ಹಂಚಿ. ಸುಮಾರು 60 ಡಿಗ್ರಿಗೆ ಆರಲು ಬಿಡಿ. ಮೊದಲನೆಯದಕ್ಕೆ ಎರಡು ಚಮಚ ನೀರು ಮಾತ್ರ. ಎರಡನೆಯದಕ್ಕೆ ಒಂದು ಚಮಚ ಮೊಳಕೆ ಪುಡಿಯನ್ನು ಎರಡು ಚಮಚ ನೀರಿನಲ್ಲಿ ಕಲಸಿ ಹಾಕಿ. ಮೂರನೆಯದಕ್ಕೂ ಅಷ್ಟೇ ಹಾಕಬೇಕು, ಆದರೆ ಕಲಸಿದ ಪುಡಿಯನ್ನು ಮೊದಲು ಐದು ನಿಮಿಷ ಕುದಿಸಿರಬೇಕು. ಕುದಿಯುವಾಗ ಆರಿದಷ್ಟು ನೀರನ್ನು ಮತ್ತೆ ಸೇರಿಸಿ. ಮೂರನ್ನೂ ಕಲಕಿ ಹದಿನೈದು ನಿಮಿಷ ಬಿಡಿ.

ಒಂದು ತಟ್ಟೆಯನ್ನು ಓರೆಯಾಗಿ ನಿಲ್ಲಿಸಿ, ಮೇಲಿನ ತುದಿಯಲ್ಲಿ ಒಂದು ಚಮಚ ಗಂಜಿ ಹಾಕಿ. ಅದು ಒಂದು ಗೇಣು ಕೆಳಗೆ ಇಳಿಯಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಎಣಿಸಿ. ಪ್ರತಿ ಲೋಟಕ್ಕೂ ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಫಲಿತಾಂಶ: ಎರಡನೆಯ ಲೋಟದ ಗಂಜಿ ತೆಳ್ಳಗಾಗಿ ಸರ್ರನೆ ಇಳಿಯುತ್ತದೆ. ಮೊಳೆಯುವ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆದುಕೊಳ್ಳಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಅದೇ ಕಿಣ್ವ ಗಂಜಿಯ ಪಿಷ್ಟವನ್ನೂ ಕತ್ತರಿಸಿತು. ಬಣ್ಣದಲ್ಲಿ ನೋಡಲು ರಾಗಿಯ ಬದಲು ಅನ್ನದ ತಿಳಿಗಂಜಿ ತೆಗೆದುಕೊಂಡು, ಸೋಸಿದ ಮೊಳಕೆ ನೀರು ಹಾಕಿ. ಐದೈದು ನಿಮಿಷಕ್ಕೆ ಒಂದು ಹನಿ ತೆಗೆದು, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣಕ್ಕೆ ನೀರು ಬೆರೆಸಿಟ್ಟುಕೊಂಡು ಅದರಿಂದ ಪರೀಕ್ಷಿಸಿ. ಪಿಷ್ಟ ಇದ್ದರೆ ಕಡುನೀಲಿ. ಪಿಷ್ಟ ಕಡಿಮೆಯಾದಂತೆ ನೀಲಿ ಮಾಸುತ್ತದೆ.

ಇದು ಬರೀ ಪರೀಕ್ಷೆಯ ವಿಷಯವಲ್ಲ. ಆರು ತಿಂಗಳು ತುಂಬಿದ ಮಗುವಿಗೆ ಗಟ್ಟಿ ಗಂಜಿ ನುಂಗಲು ಬರುವುದಿಲ್ಲ. ನೀರು ಹಾಕಿ ತೆಳ್ಳಗೆ ಮಾಡಿದರೆ ಮಗುವಿನ ಸಣ್ಣ ಹೊಟ್ಟೆ ನೀರಿನಿಂದಲೇ ತುಂಬುತ್ತದೆ, ಸತ್ವ ಸಿಗುವುದಿಲ್ಲ. ಮೊಳಕೆ ಹಿಟ್ಟು ಸೇರಿದರೆ ಅಷ್ಟೇ ಹಿಟ್ಟಿನ ಗಂಜಿ ತೆಳ್ಳಗಾಗುತ್ತದೆ. ಅಂಥ ಗಂಜಿಯನ್ನು ಮಗುವಿಗೆ ಕೊಡುವ ಮೊದಲು ಮತ್ತೊಮ್ಮೆ ಕುದಿಸಬೇಕು. ಪ್ರಯೋಗಕ್ಕೆ ಬಳಸಿದ ಗಂಜಿಯನ್ನು ಯಾರಿಗೂ ಕೊಡಬಾರದು.

ಜೋಳದ ಸೀಮೆಯವರಿಗೆ ಒಂದು ಎಚ್ಚರಿಕೆ: ಎಳೆಯ ಜೋಳದ ಪೈರು ಮೇಯ್ದು ದನ ಸಾಯುವುದನ್ನು ರೈತರು ಬಲ್ಲರು. ಜೋಳದ ಮೊಳಕೆಯಲ್ಲಿಯೂ ಅದೇ ವಿಷಕ್ಕೆ ಕಾರಣವಾಗುವ ವಸ್ತು ಇರುತ್ತದೆ. ಈ ಪ್ರಯೋಗಕ್ಕೆ ರಾಗಿಯನ್ನೇ ಬಳಸಿ.

ಪ್ರಯೋಗ 4: ಆಲೂಗಡ್ಡೆಯ ನೊರೆ

ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ನೀರು ಬೆರೆಸಿ, ಮೂರು ಲೋಟಗಳಿಗೆ 20 ಮಿ.ಲೀ.ಯಂತೆ ಹಾಕಿ. ಒಂದಕ್ಕೆ ಹಸಿ ಆಲೂಗಡ್ಡೆಯ ತುಂಡು, ಇನ್ನೊಂದಕ್ಕೆ ಅಷ್ಟೇ ಗಾತ್ರದ ಬೇಯಿಸಿದ ತುಂಡು, ಮೂರನೆಯದಕ್ಕೆ ಅಷ್ಟೇ ಗಾತ್ರದ ತೊಳೆದ ಕಲ್ಲು ಹಾಕಿ. ಹಸಿ ತುಂಡಿನಲ್ಲಿ ನೊರೆ ಏಳುತ್ತದೆ. ಉಳಿದವುಗಳಲ್ಲಿ ಅಂಥ ನೊರೆ ಇಲ್ಲ. ಉರಿ ಆರಿಸಿ ಕೆಂಡ ಮಾತ್ರ ಉಳಿದ ಊದುಬತ್ತಿಯನ್ನು ನೊರೆಯ ಸನಿಹಕ್ಕೆ ಹಿಡಿದರೆ ಕೆಂಡ ಹೊಳೆಯುತ್ತದೆ. ಬಂದದ್ದು ಆಮ್ಲಜನಕ ಎಂಬುದಕ್ಕೆ ಇದೇ ಗುರುತು.

ಜೀವಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ತಾನಾಗಿಯೇ ಹುಟ್ಟುತ್ತಿರುತ್ತದೆ. ಅದು ಕೋಶಕ್ಕೆ ಹಾನಿಕರ. ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಒಂದೇ ತುಂಡನ್ನು ಇಡಿಯಾಗಿ, ಆಮೇಲೆ ಅಷ್ಟೇ ತೂಕದ್ದನ್ನು ತುರಿದು ಹಾಕಿ ನೊರೆಯ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ನೋಡಿ. ಪೆರಾಕ್ಸೈಡ್ ಚರ್ಮವನ್ನು ಬೆಳ್ಳಗೆ ಮಾಡಿ ಉರಿಸುತ್ತದೆ. ಕೈಗೆ ಬಿದ್ದರೆ ಕೂಡಲೇ ತೊಳೆಯಬೇಕು.

ಪ್ರಯೋಗ 5: ಬಾಳೆಹಣ್ಣಿನಿಂದ ಡಿ.ಎನ್.ಎ.

ಬೇಕಾದವು: ಅರ್ಧ ಮಾಗಿದ ಬಾಳೆಹಣ್ಣು, ಉಪ್ಪು, ಪಾತ್ರೆ ತೊಳೆಯುವ ದ್ರವ, ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ (ಐಸೋಪ್ರೊಪೈಲ್ ಆಲ್ಕೋಹಾಲ್), ತೆಳು ಬಟ್ಟೆ.

ವಿಧಾನ: ಸ್ಪಿರಿಟ್ಟಿನ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಒಂದು ಗಂಟೆ ಮಂಜುಗಡ್ಡೆಯ ನೀರಿನಲ್ಲಿಟ್ಟು ತಂಪು ಮಾಡಿ. 100 ಮಿ.ಲೀ. ನೀರಿಗೆ ಅರ್ಧ ಚಮಚ ಉಪ್ಪು, ಎರಡು ಚಮಚ ತೊಳೆಯುವ ದ್ರವ ಹಾಕಿ ನೊರೆ ಏಳದಂತೆ ಕಲಕಿ. ಬಾಳೆಹಣ್ಣನ್ನು ನುಣ್ಣಗೆ ಕಿವುಚಿ ಇದರಲ್ಲಿ ಬೆರೆಸಿ ಹತ್ತು ನಿಮಿಷ ಬಿಡಿ. ಬಟ್ಟೆಯಲ್ಲಿ ಸೋಸಿ, ಕಿರಿದಾದ ಗಾಜಿನ ಲೋಟಕ್ಕೆ 10 ಮಿ.ಲೀ. ಹಾಕಿ. ಲೋಟವನ್ನು ಓರೆ ಹಿಡಿದು, ಅಂಚಿನ ಮೇಲಿಂದ 20 ಮಿ.ಲೀ. ತಂಪು ಸ್ಪಿರಿಟ್ಟನ್ನು ನಿಧಾನವಾಗಿ ಇಳಿಸಿ. ಅಲುಗಾಡಿಸಬೇಡಿ. ಐದು ನಿಮಿಷದಲ್ಲಿ ಎರಡು ದ್ರವಗಳು ಸೇರುವ ಜಾಗದಲ್ಲಿ ಬಿಳಿಯ ಎಳೆಗಳು ಮೇಲೇಳುತ್ತವೆ. ಕಡ್ಡಿಯಿಂದ ಸುತ್ತಿ ತೆಗೆಯಬಹುದು.

ಹೋಲಿಕೆಯ ಲೋಟ: ಬಾಳೆಹಣ್ಣು ಹಾಕದ ಉಪ್ಪು ಮತ್ತು ಸೋಪಿನ ನೀರಿಗೂ ಹಾಗೆಯೇ ಸ್ಪಿರಿಟ್ ಹಾಕಿ. ಅದರಲ್ಲಿ ಎಳೆ ಬರುವುದಿಲ್ಲ. ಇದನ್ನು ಬಿಟ್ಟರೆ, ಎಳೆ ಸೋಪಿನಿಂದಲೇ ಬಂದಿರಬಹುದಲ್ಲ ಎಂದು ಕೇಳಿದವರಿಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ವಿವರಣೆ: ಜೀವಕೋಶದ ಪೊರೆ ಜಿಡ್ಡಿನಿಂದ ಆದದ್ದು. ಎಣ್ಣೆ ಪಾತ್ರೆಯನ್ನು ತೊಳೆಯುವಂತೆಯೇ ಸೋಪು ಅದನ್ನು ಬಿಡಿಸುತ್ತದೆ. ಉಪ್ಪು ಡಿ.ಎನ್.ಎ. ಎಳೆಗಳು ಒಟ್ಟುಗೂಡಲು ನೆರವಾಗುತ್ತದೆ. ನೀರಿನಲ್ಲಿ ಕರಗಿರುವ ಡಿ.ಎನ್.ಎ. ಸ್ಪಿರಿಟ್ಟಿನಲ್ಲಿ ಕರಗದೆ ಹೊರಬೀಳುತ್ತದೆ. ಆದರೆ ನಿಮ್ಮ ಕಡ್ಡಿಗೆ ಸುತ್ತಿಕೊಂಡದ್ದು ಶುದ್ಧ ಡಿ.ಎನ್.ಎ. ಅಲ್ಲ. ಹಣ್ಣಿನ ಪೆಕ್ಟಿನ್, ಸ್ವಲ್ಪ ಪ್ರೋಟೀನು ಕೂಡ ಅದರಲ್ಲಿ ಸೇರಿರುತ್ತವೆ. ವಿಜ್ಞಾನ ಮೇಳದಲ್ಲಿ ಇದನ್ನು ಮರೆಯದೆ ಹೇಳಿ. ಡಿ.ಎನ್.ಎ.ಯ ಸುರುಳಿ ಆಕಾರ ಬರಿಗಣ್ಣಿಗೆ ಕಾಣುವುದಿಲ್ಲ. ಕಾಣುವುದು ಲಕ್ಷಾಂತರ ಎಳೆಗಳು ಕೂಡಿದ ಮುದ್ದೆ.

ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಮೀಶರ್ 1869ರಲ್ಲಿ ಆಸ್ಪತ್ರೆಯ ಗಾಯದ ಬಟ್ಟೆಗಳ ಕೀವಿನಿಂದ ಈ ವಸ್ತುವನ್ನು ಮೊದಲು ಬೇರ್ಪಡಿಸಿದರು. ಅದರ ಜೋಡಿ ಸುರುಳಿಯ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ತಿಳಿಸಿದರು. ಅದಕ್ಕೆ ರೋಸಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಚಿತ್ರಗಳು ಆಧಾರವಾದವು. ಹತ್ತಿಯ ಪೇಟೆಯಾದ ಆದೋನಿಯ ಕಡೆಯವರಿಗೆ ಬಿಟಿ ಹತ್ತಿ ಹೊಸದಲ್ಲ. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಡಿ.ಎನ್.ಎ. ತುಣುಕನ್ನು ಹತ್ತಿಗೆ ಸೇರಿಸಿ ಕಾಯಿಕೊರಕವನ್ನು ತಡೆಯುವ ಈ ತಳಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಗುಲಾಬಿ ಕಾಯಿಕೊರಕ ಕಾಲಕ್ರಮದಲ್ಲಿ ಅದನ್ನೂ ತಾಳಿಕೊಳ್ಳುವ ಶಕ್ತಿ ಬೆಳೆಸಿಕೊಂಡಿತು. ಬೀಜದ ಚೀಲದ ಮೇಲಿನ ಮಾತನ್ನು ಅರ್ಥ ಮಾಡಿಕೊಳ್ಳಲು, ಅಂಗಡಿಯವನನ್ನು ಸರಿಯಾದ ಪ್ರಶ್ನೆ ಕೇಳಲು ರೈತರ ಮಕ್ಕಳಿಗೆ ಈ ಪಾಠ ಬೇಕು.

ಪ್ರಯೋಗ 6: ಬೇರಿನ ಗಂಟುಗಳ ಲೆಕ್ಕ

ಶೇಂಗಾ (ಕೆಲವು ಕಡೆ ನೆಲಗಡಲೆ, ಕಡಲೆಕಾಯಿ), ಅಲಸಂದೆ, ಹೆಸರು ಇವುಗಳಲ್ಲಿ ಯಾವುದಾದರೂ ಆಗಬಹುದು. ಔಷಧಿ ಸವರದ ಬೀಜವನ್ನೇ ತೆಗೆದುಕೊಳ್ಳಿ. ಒಂದೇ ಮಣ್ಣು ತುಂಬಿದ ಮೂರು ಕುಂಡಗಳಲ್ಲಿ ಐದೈದು ಬೀಜ ಬಿತ್ತಿ. ಮೊದಲನೆಯದು ಹಾಗೆಯೇ ಇರಲಿ. ಎರಡನೆಯದರ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಪುಡಿಯನ್ನು ಸವರಿ, ನೆರಳಿನಲ್ಲಿ ಆರಿಸಿ ಬಿತ್ತಿ. ಮೂರನೆಯದಕ್ಕೆ ಮೊಳಕೆ ಬಂದ ಮೇಲೆ ಎರಡು ಚಿಟಿಕೆ ಯೂರಿಯಾ ಹಾಕಿ. ರೈಜೋಬಿಯಂ ಪೊಟ್ಟಣ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಯಾವ ಬೆಳೆಗೆ, ಯಾವ ದಿನಾಂಕದವರೆಗೆ ಎಂದು ನೋಡಿ ಕೊಳ್ಳಿ. ಬಿಸಿಲಿನಲ್ಲಿಟ್ಟ ಪೊಟ್ಟಣದಲ್ಲಿ ಬ್ಯಾಕ್ಟೀರಿಯಾ ಬದುಕಿರುವುದಿಲ್ಲ.

40 ದಿನಗಳಾದ ಮೇಲೆ ಗಿಡವನ್ನು ಎಳೆಯಬೇಡಿ, ಎಳೆದರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ಕುಂಡವನ್ನು ನೀರಿನಲ್ಲಿ ಮುಳುಗಿಸಿ ಮಣ್ಣು ಬಿಡಿಸಿ. ಪ್ರತಿ ಗಿಡದ ಬೇರಿನ ಗಂಟುಗಳನ್ನು ಎಣಿಸಿ. ಹತ್ತು ಗಂಟುಗಳನ್ನು ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ, ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತುವಿನದು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನೆಂಟ. ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಯೂರಿಯಾ ಸಿಕ್ಕ ಗಿಡದಲ್ಲಿ ಸಾಮಾನ್ಯವಾಗಿ ಗಂಟು ಕಡಿಮೆ.

ಮೊದಲೆರಡು ಕುಂಡಗಳಲ್ಲಿ ವ್ಯತ್ಯಾಸ ಕಾಣದೆಯೂ ಇರಬಹುದು. ವರ್ಷಗಟ್ಟಲೆ ಶೇಂಗಾ ಬೆಳೆದ ಹೊಲದ ಮಣ್ಣಿನಲ್ಲಿ ಆ ಬ್ಯಾಕ್ಟೀರಿಯಾ ಮೊದಲೇ ಇರುತ್ತದೆ. ಪ್ರಯೋಗ ತಪ್ಪಿತು ಎಂದು ಅಂಕಿ ತಿದ್ದಬೇಡಿ. ಈ ಮಣ್ಣಿಗೆ ಪೊಟ್ಟಣದ ಖರ್ಚು ಬೇಕೇ ಎಂಬ ಪ್ರಶ್ನೆಗೆ ಅದು ಒಂದು ಸುಳಿವು. ಬೇರೆ ಹೊಲದ ಮಣ್ಣಿನಲ್ಲಿ ಮತ್ತೊಮ್ಮೆ ಮಾಡಿ ನೋಡಿ. ಮನೆಯವರಿಗೂ ಲೆಕ್ಕ ತೋರಿಸಿ.

ಮಾಡಬಾರದವು

* ಕೈಯ ಕೊಳೆ, ಚರಂಡಿ ನೀರು, ಗಾಯದ ಕೀವು ಇವುಗಳಿಂದ ರೋಗಾಣು ಬೆಳೆಸುವ ಪ್ರಯೋಗ ಮನೆಯಲ್ಲಿ ಬೇಡ. ಯಾವ ಬ್ಯಾಕ್ಟೀರಿಯಾ ಬೆಳೆಯಿತು ಎಂದು ತಿಳಿಯಲು ದಾರಿ ಇಲ್ಲ.
* ಸ್ಪಿರಿಟ್ ಬಳಸುವಾಗ ಹತ್ತಿರದಲ್ಲಿ ಒಲೆ, ದೀಪ, ಊದುಬತ್ತಿ ಇರಬಾರದು. ನಾಲ್ಕನೆಯ ಮತ್ತು ಐದನೆಯ ಪ್ರಯೋಗಗಳನ್ನು ಒಟ್ಟಿಗೆ ಮಾಡಬೇಡಿ.
* ಪ್ರಯೋಗದ ಯಾವ ವಸ್ತುವನ್ನೂ ತಿನ್ನಬೇಡಿ, ರುಚಿ ನೋಡಬೇಡಿ. ಬಳಸಿದ ಲೋಟಗಳನ್ನು ಅಡುಗೆಮನೆಗೆ ಮರಳಿಸಬೇಡಿ.
* ಒಂದು ಪ್ರಯೋಗದ ಮೊಸರು, ಯೀಸ್ಟ್ ದ್ರವಗಳನ್ನು ಎರಡನೆಯ ದಿನಕ್ಕೆ ಉಳಿಸದೆ ಕುದಿಸಿ ಚೆಲ್ಲಿ. ಕೈಯನ್ನು ಸೋಪು ಹಚ್ಚಿ ತೊಳೆಯಿರಿ.

ಅಂಗಾಂಶ ಕೃಷಿ, ಅಂದರೆ ಗಿಡದ ಸಣ್ಣ ತುಣುಕಿನಿಂದ ಪೂರ್ತಿ ಗಿಡ ಬೆಳೆಸುವುದನ್ನು ಅನೇಕ ಮಕ್ಕಳು ಕೇಳುತ್ತಾರೆ. ತೋಟಗಳಲ್ಲಿ ಕಾಣುವ ಅಂಗಾಂಶ ಬಾಳೆ ಹೀಗೆಯೇ ಬಂದದ್ದು. ಪ್ರೆಷರ್ ಕುಕ್ಕರಿನಲ್ಲಿ ಸುಮಾರು 121 ಡಿಗ್ರಿ ಶಾಖ ಬರುವುದರಿಂದ ಬಾಟಲಿಗಳನ್ನು ಶುದ್ಧ ಮಾಡಬಹುದು ನಿಜ. ಆದರೆ ಗಾಳಿಯ ಬೂಷ್ಟು ಸೇರದಂತೆ ತುಣುಕನ್ನು ಒಳಗಿಡುವುದು ಮನೆಯಲ್ಲಿ ಕಷ್ಟ. ಅದನ್ನು ಪ್ರಯೋಗಾಲಯಕ್ಕೆ ಹೋಗಿ ನೋಡುವುದೇ ಒಳ್ಳೆಯದು.

ನೋಟುಬುಕ್ಕು ಬರೆಯುವ ಕ್ರಮ

ದಿನಾಂಕ, ಹೊತ್ತು, ಆ ದಿನದ ಶಾಖ, ಪ್ರತಿ ಲೋಟಕ್ಕೆ ಹಾಕಿದ ಅಳತೆ, ಕಂಡದ್ದು. ಇಷ್ಟನ್ನು ಆ ಕ್ಷಣದಲ್ಲೇ ಬರೆಯಿರಿ. ಯಾಕೆ ಹೀಗಾಯಿತು ಎಂಬುದನ್ನು ಆಮೇಲೆ ಬೇರೆ ಪುಟದಲ್ಲಿ ಬರೆಯಿರಿ. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ತಪ್ಪಾದದ್ದನ್ನು ಅಳಿಸದೆ ಒಂದು ಗೆರೆ ಎಳೆದು ಬಿಡಿ.

ಎರಡು ಭಾಷೆಯ ಮಕ್ಕಳು ಗಮನಿಸಬೇಕಾದ ಶಬ್ದಗಳು

ಪಕ್ಕದ ಭಾಷೆಯಲ್ಲಿ ಒಂದೇ ಶಬ್ದಕ್ಕೆ ಬೇರೆ ಅರ್ಥ ಇರುವುದರಿಂದ ಪರೀಕ್ಷೆಯಲ್ಲಿ ಗೊಂದಲವಾಗುತ್ತದೆ. ಮುಖ್ಯವಾದ ಕೆಲವು:

* ಕಿಣ್ವ: ಕನ್ನಡದಲ್ಲಿ ಎಂಜೈಮ್. ಆದರೆ ಮರಾಠಿ ಮತ್ತು ತೆಲುಗಿನಲ್ಲಿ ಕಿಣ್ವನ ಎಂದರೆ ಹುದುಗುವಿಕೆ. ಎಂಜೈಮಿಗೆ ಮರಾಠಿಯಲ್ಲಿ ವಿಕರ, ಮಲಯಾಳದಲ್ಲಿ ರಾಸಾಗ್ನಿ, ತಮಿಳಿನಲ್ಲಿ ನೊದಿ ಎನ್ನುತ್ತಾರೆ. ತಮಿಳಿನ ನೊದಿತ್ತಲ್ ಎಂದರೆ ಹುದುಗುವಿಕೆ.
* ಕಣ: ಕನ್ನಡದಲ್ಲಿ ವಸ್ತುವಿನ ಸಣ್ಣ ತುಣುಕು. ತೆಲುಗಿನಲ್ಲಿ ಕಣಂ ಎಂದರೆ ಜೀವಕೋಶ.
* ಪೇಶಿ: ಮರಾಠಿಯಲ್ಲಿ ಜೀವಕೋಶ. ಮಲಯಾಳದಲ್ಲಿ ಪೇಶಿ ಎಂದರೆ ಸ್ನಾಯು, ಜೀವಕೋಶಕ್ಕೆ ಕೋಶಂ.
* ಪಿಷ್ಟ: ಮಲಯಾಳದಲ್ಲಿ ಅನ್ನಜಂ, ತಮಿಳಿನಲ್ಲಿ ಮಾವುಚ್ಚತ್ತು, ತೆಲುಗಿನಲ್ಲಿ ಪಿಂಡಿ ಪದಾರ್ಥಂ.
* ಸಾರಜನಕ: ತೆಲುಗಿನಲ್ಲಿ ನತ್ರಜನಿ, ಮರಾಠಿ ರೈತರ ಮಾತಿನಲ್ಲಿ ನತ್ರ.

ನೋಟುಬುಕ್ಕಿನ ಕೊನೆಯ ಪುಟದಲ್ಲಿ ಕನ್ನಡ, ರಾಜ್ಯದ ಭಾಷೆ, ಇಂಗ್ಲಿಷ್ ಶಬ್ದ ಎಂದು ಮೂರು ಸಾಲು ಮಾಡಿಕೊಂಡು ಪ್ರತಿ ಪ್ರಯೋಗದ ನಂತರ ತುಂಬುತ್ತಾ ಹೋಗಿ. ಹನ್ನೊಂದನೆಯ ತರಗತಿಗೆ ಹೋಗುವ ಹೊತ್ತಿಗೆ ನಿಮ್ಮದೇ ಒಂದು ನಿಘಂಟು ಆಗಿರುತ್ತದೆ.

ಹತ್ತಿರದಲ್ಲಿಯೇ ಇರುವ ಸಂಸ್ಥೆಗಳು

ಗಡಿಭಾಗ ಹಿಂದುಳಿದದ್ದು ಎನ್ನುವವರು ಈ ಪಟ್ಟಿಯನ್ನು ನೋಡಬೇಕು. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದು ಈಗಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ತೆಂಗು, ಅಡಿಕೆ, ಕೋಕೋ ಬೆಳೆಗಳ ಕೆಲಸ ಅಲ್ಲಿ ನಡೆಯುತ್ತದೆ. ವಯನಾಡಿನ ಕಲ್ಪೆಟ್ಟದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಕೃಷಿ ಜೀವವೈವಿಧ್ಯ ಕೇಂದ್ರವಿದೆ. ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಸ್ಥಾಪನೆಯಾದ ಪಾಶ್ಚರ್ ಸಂಸ್ಥೆ ಹುಚ್ಚುನಾಯಿ ಕಡಿತದ ಚಿಕಿತ್ಸೆಗೆ ಹೆಸರಾದದ್ದು. ಸೊಲ್ಲಾಪುರದಲ್ಲಿ 2005ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದೆ. ತೆಲಂಗಾಣದ ಪಟಾನ್‌ಚೆರುವಿನಲ್ಲಿ 1972ರಿಂದ ಇಕ್ರಿಸ್ಯಾಟ್ ಸಂಸ್ಥೆ ಶೇಂಗಾ, ತೊಗರಿ, ಜೋಳ, ಸಜ್ಜೆ ಬೆಳೆಗಳ ಸಂಶೋಧನೆ ಮಾಡುತ್ತಿದೆ. ಮಡಕಶಿರಾದವರಿಗೆ ಕದಿರಿಯ ಕೃಷಿ ಸಂಶೋಧನಾ ಕೇಂದ್ರದ ಶೇಂಗಾ ತಳಿಗಳು ಪರಿಚಿತ. ಗೋವಾದ ದೋನಾಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ.

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಅನೇಕ ಸಂಶೋಧನಾ ಸಂಸ್ಥೆಗಳು ಶಾಲಾ ಮಕ್ಕಳನ್ನು ಒಳಗೆ ಬಿಡುವುದುಂಟು. ಮುಖ್ಯೋಪಾಧ್ಯಾಯರು ಎರಡು ತಿಂಗಳು ಮೊದಲೇ ಪತ್ರ ಬರೆದು ವಿಚಾರಿಸಬೇಕು. ಹೋಗುವ ಮೊದಲು ಮೇಲಿನ ಪ್ರಯೋಗಗಳಲ್ಲಿ ಎರಡನ್ನಾದರೂ ಮಕ್ಕಳು ಮಾಡಿರಲಿ. ಹೆಪ್ಪಿನ ಲೋಟವನ್ನು ತಾನೇ ಕಾದು ನೋಡಿದ ಮಗುವಿಗೆ ಅಲ್ಲಿನ ದೊಡ್ಡ ಯಂತ್ರದ ಎದುರು ಏನು ಕೇಳಬೇಕೆಂದು ಗೊತ್ತಿರುತ್ತದೆ.

ಆರೂ ಪ್ರಯೋಗಗಳನ್ನು ಒಂದೇ ವಾರದಲ್ಲಿ ಮುಗಿಸುವ ಅವಸರ ಬೇಡ. ಮುಂಗಾರಿನಲ್ಲಿ ಬೇರಿನ ಗಂಟು, ಉಳಿದವನ್ನು ತಿಂಗಳಿಗೊಂದರಂತೆ ಮಾಡಿದರೆ ಒಂದು ಶಾಲಾ ವರ್ಷಕ್ಕೆ ಸರಿಹೋಗುತ್ತದೆ. ಈ ರಾತ್ರಿ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವಾಗ ಹೆಪ್ಪು ಇಲ್ಲದ ಇನ್ನೊಂದು ಲೋಟ ಪಕ್ಕದಲ್ಲಿಟ್ಟು ಶುರು ಮಾಡಬಹುದು.